ಉಕ್ಕಿನ ಹಗ್ಗದ ಒಳಗೆ ಭಾರ ಹಂಚಿಕೆ ಆಗುವುದು ಹೇಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ನೀರಿನ ರಭಸಕ್ಕೆ ಕೊಚ್ಚಿ ಹೋಯಿತು. ಮರುದಿನದಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಎಲ್ಲಿಗೆ ಹೋದರೂ ಅದೇ ಮಾತು. ಭತ್ತದ ನಾಟಿ ಮುಗಿಸಿದವರೂ, ಇನ್ನೂ ಮಡಿಯಲ್ಲಿ ಸಸಿ ಇಟ್ಟುಕೊಂಡವರೂ ಡ್ಯಾಮಿನ ಮಟ್ಟ ಎಷ್ಟಿಳಿಯಿತು ಅಂತ ಮೊಬೈಲ್ ನೋಡುತ್ತ ಕೂತಿದ್ದರು. ಗಂಗಾವತಿಯ ಒಂದು ಚಹಾದಂಗಡಿಯಲ್ಲಿ ಪಕ್ಕದಲ್ಲಿದ್ದ ರೈತರೊಬ್ಬರು ನನ್ನನ್ನು ಕೇಳಿದರು: “ಸರ, ಸರಪಳಿ ಬದ್ಲು ಉಕ್ಕಿನ ಹಗ್ಗ ಇದ್ದಿದ್ರ ಹಿಂಗ ಒಮ್ಮಿಗೇ ಹರೀತಿತ್ತೇನ್ರಿ?”

ಆವತ್ತು ಚಹಾ ಮುಗಿಯುವಷ್ಟರಲ್ಲಿ ಹೇಳಿದ್ದು ಅರ್ಧ ಉತ್ತರ ಮಾತ್ರ. ಇನ್ನರ್ಧಕ್ಕೆ ಸ್ವಲ್ಪ ಲೆಕ್ಕ ಬೇಕು. ಆ ಲೆಕ್ಕ ನಿಜವಾಗಿಯೂ ಚೆನ್ನಾಗಿದೆ. ಹೈಸ್ಕೂಲಿನ ಲಂಬಕೋನ ತ್ರಿಭುಜದಿಂದ ಶುರುವಾಗಿ, ಇವತ್ತಿಗೂ ಪೂರ್ತಿ ಬಗೆಹರಿಯದ ಒಂದು ಕಡೆಗೆ ಹೋಗಿ ನಿಲ್ಲುತ್ತದೆ.

ಮೊದಲು ಸರಪಳಿಯ ವಿಚಾರ. ಸರಪಳಿಯಲ್ಲಿ ಕೊಂಡಿಗಳು ಒಂದರ ಕೆಳಗೆ ಒಂದು ಇರುತ್ತವೆ. ಗೇಟಿನ ಇಡೀ ಭಾರ ಪ್ರತಿ ಕೊಂಡಿಯ ಮೂಲಕವೂ ಹಾದು ಹೋಗಬೇಕು. ನೂರು ಕೊಂಡಿಯಲ್ಲಿ ತೊಂಬತ್ತೊಂಬತ್ತು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ. ಹಗ್ಗದಲ್ಲಿ ತಂತಿಗಳು ಅಕ್ಕಪಕ್ಕ ಇರುತ್ತವೆ. ಭಾರ ಹಂಚಿಕೆಯಾಗುತ್ತದೆ. ಒಂದು ತಂತಿ ಹರಿದರೆ ಉಳಿದವು ಹೊರುತ್ತವೆ.

ಈ ವ್ಯತ್ಯಾಸವನ್ನು ಮನಗಂಡು ಕಬ್ಬಿಣದ ತಂತಿಯ ಹಗ್ಗ ಮಾಡಿದವನು ಜರ್ಮನಿಯ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್. ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ಅದಿರು ಎತ್ತುವ ಸರಪಳಿಗಳು ಪದೇ ಪದೇ ತುಂಡಾಗುತ್ತಿದ್ದವು. ಅವನು ಸರಪಳಿಗೆ ಮತ್ತೆ ಮತ್ತೆ ಭಾರ ಕೊಟ್ಟು, ಇಳಿಸಿ ಪರೀಕ್ಷೆ ಮಾಡಿದ. ಲೋಹ ದಣಿದು ಒಡೆಯುವುದರ ಬಗ್ಗೆ ನಡೆದ ಮೊದಲ ಪರೀಕ್ಷೆಗಳಲ್ಲಿ ಅದೂ ಒಂದು. 1834ರಲ್ಲಿ ಕ್ಲೌಸ್ಟಾಲ್‌ನ ಒಂದು ಗಣಿ ಬಾವಿಯಲ್ಲಿ ಅವನ ಹೊಸ ಹಗ್ಗ ಕೆಲಸಕ್ಕೆ ಇಳಿಯಿತು. ನಾಲ್ಕು ತಂತಿ ಹೊಸೆದು ಒಂದು ಎಳೆ, ಅಂಥ ಮೂರು ಎಳೆ ಹೊಸೆದು ಒಂದು ಹಗ್ಗ. ಎಲ್ಲ ಕೈಯಿಂದಲೇ.

ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ಇವತ್ತು ಕಾರ್ಮಿಕರ ಕೇಜನ್ನು ಶಾಫ್ಟಿಗೆ, ಅಂದರೆ ಗಣಿ ಬಾವಿಗೆ ಇಳಿಸುವ, ಅದಿರನ್ನು ಮೇಲಕ್ಕೆ ತರುವ ಹಗ್ಗ ಕೂಡ ಅದೇ ವಂಶದ್ದು. ಕೇಜಿನಲ್ಲಿ ನಿಂತವರ ಜೀವ ಆ ಹಗ್ಗಕ್ಕೆ ನೇತಾಡುತ್ತಿರುತ್ತದೆ. ಹಾಗಾಗಿ ಅದರೊಳಗೆ ಏನು ನಡೆಯುತ್ತದೆ ಅನ್ನುವ ಲೆಕ್ಕ ಬರೀ ಪುಸ್ತಕದ ಲೆಕ್ಕ ಆಗಿ ಉಳಿಯುವುದಿಲ್ಲ.

ಹುರಿ ಯಾಕೆ ಬೇಕು?

ನನ್ನ ಅಜ್ಜ ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಪುಂಡಿಯ ಕಟ್ಟಿಗೆಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ ಇಡುತ್ತಿದ್ದರು. ಹೊಸೆಯುವಾಗ ಒಂದು ವಿಚಿತ್ರ ಗಮನಿಸಿದ್ದೆ. ಒಂದೊಂದು ಎಳೆಗೂ ಒಂದು ದಿಕ್ಕಿಗೆ ಹುರಿ ಹಾಕುತ್ತಿದ್ದರು. ಆಮೇಲೆ ಮೂರು ಎಳೆ ಸೇರಿಸುವಾಗ ಎದುರು ದಿಕ್ಕಿಗೆ ತಿರುವುತ್ತಿದ್ದರು. ಒಂದೇ ದಿಕ್ಕಿಗೆ ತಿರುವಿದರೆ ಏನಾಗುತ್ತದೆ ಅಂತ ಕೇಳಿದಾಗ, “ಬಿಟ್ಟ್ ಕೂಡ್ಲೆ ಬಿಚ್ಚಿಕೊಂತದ, ನೋಡು” ಅಂತ ಮಾಡಿಯೇ ತೋರಿಸಿದರು. ಎಳೆಗೆ ಬಿಚ್ಚಿಕೊಳ್ಳುವ ಆಸೆ, ಹಗ್ಗಕ್ಕೆ ಅದರ ಎದುರು ದಿಕ್ಕಿಗೆ ಬಿಚ್ಚಿಕೊಳ್ಳುವ ಆಸೆ. ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಉಕ್ಕಿನ ಹಗ್ಗದಲ್ಲೂ ಹೆಚ್ಚಿನವು ಹೀಗೇ ಇರುತ್ತವೆ: ತಂತಿಯ ಹುರಿ ಒಂದು ಕಡೆ, ಎಳೆಯ ಹುರಿ ಇನ್ನೊಂದು ಕಡೆ.

ನಾರು ಗಿಡ್ಡ. ಹುರಿ ಇಲ್ಲದಿದ್ದರೆ ಜಾರಿ ಬಿಡುತ್ತದೆ. ಆದರೆ ಉಕ್ಕಿನ ತಂತಿ ನೂರಾರು ಮೀಟರ್ ಉದ್ದ ಸಿಗುತ್ತದೆ. ಅದನ್ನು ಸುಮ್ನೆ ಕಟ್ಟು ಕಟ್ಟಿ ಜೋಡಿಸಿದರೆ ಸಾಲದೇ? ಎಳೆಯುವುದಕ್ಕಷ್ಟೇ ಆದರೆ ಸಾಕು. ದೊಡ್ಡ ತೂಗು ಸೇತುವೆಗಳ ಮುಖ್ಯ ಕೇಬಲ್‌ನಲ್ಲಿ ತಂತಿಗಳು ಹೆಚ್ಚಾಗಿ ನೆಟ್ಟಗೇ ಇರುತ್ತವೆ. ತೊಂದರೆ ಬರುವುದು ಗಾಲಿಯ ಮೇಲೆ ಬಾಗಿಸುವಾಗ. ಬಾಗಿದಾಗ ಹೊರಬದಿಯ ತಂತಿ ಹಿಗ್ಗಬೇಕು, ಒಳಬದಿಯ ತಂತಿ ಕುಗ್ಗಬೇಕು. ನೆಟ್ಟಗಿನ ಕಟ್ಟಿನಲ್ಲಿ ಹೊರಗಿನ ತಂತಿ ಉದ್ದಕ್ಕೂ ಹೊರಗೇ ಇರುತ್ತದೆ. ಎಲ್ಲ ಕಷ್ಟ ಅದಕ್ಕೇ. ಹುರಿ ಹಾಕಿದರೆ ಅದೇ ತಂತಿ ಸ್ವಲ್ಪ ದೂರ ಹೊರಗೆ, ಸ್ವಲ್ಪ ದೂರ ಒಳಗೆ. ಒಳಗೆ ಉಳಿದ ಉದ್ದ ಹೊರಗಿನ ಕೊರತೆಗೆ ಸರಿಹೋಗುತ್ತದೆ. ಕೂದಲೆಳೆಯಷ್ಟು ಜಾರಿದರೆ ಸಾಕು. ಈ ಜಾರುವಿಕೆಯನ್ನು ಮರೆಯಬೇಡಿ, ಕೊನೆಗೆ ಇದೇ ಮುಖ್ಯವಾಗುತ್ತದೆ.

ಏಳು ನಾಣ್ಯ, ಒಂದು ಕಾಗದ

ಒಂದೇ ಅಳತೆಯ ಏಳು ನಾಣ್ಯ ತೆಗೆದುಕೊಳ್ಳಿ. ಒಂದನ್ನು ನಡುವೆ ಇಟ್ಟು ಸುತ್ತ ಆರು ಜೋಡಿಸಿ. ಸರಿಯಾಗಿ ಕೂರುತ್ತವೆ, ಸಂದಿ ಇರುವುದಿಲ್ಲ. ಎಲ್ಲಕ್ಕಿಂತ ಸರಳವಾದ ಉಕ್ಕಿನ ಎಳೆ ಇದೇ: ನಡುವೆ ಒಂದು ನೆಟ್ಟಗಿನ ತಂತಿ, ಸುತ್ತ ಆರು ಹುರಿಗೊಂಡ ತಂತಿ.

ಆದರೆ ಕಾರ್ಖಾನೆಯಲ್ಲಿ ನಡುವಿನ ತಂತಿಯನ್ನು ಬೇಕಂತಲೇ ಸ್ವಲ್ಪ ದಪ್ಪ ಮಾಡುತ್ತಾರೆ. ಯಾಕೆ ಅಂದರೆ, ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಹೋಳು ಉದ್ದುದ್ದ ಬರುತ್ತದೆ, ಅಲ್ವಾ? ಹೊರಗಿನ ಆರು ತಂತಿಗಳೂ ಓರೆಯಾಗಿ ಹೋಗುತ್ತಿರುತ್ತವೆ. ಎಳೆಯನ್ನು ಅಡ್ಡ ಕೊಯ್ದು ನೋಡಿದರೆ ಅವು ದುಂಡಗೆ ಕಾಣುವುದಿಲ್ಲ, ಸ್ವಲ್ಪ ಅಗಲ ಕಾಣುತ್ತವೆ. ಹಾಗಾಗಿ ಆರೂ ಕೂರಲು ಜಾಸ್ತಿ ಜಾಗ ಬೇಕು. ನಡುವಿನದು ದಪ್ಪ ಇಲ್ಲದಿದ್ದರೆ ಹೊರಗಿನವು ಒಂದಕ್ಕೊಂದು ಒತ್ತಿಕೊಂಡು ಕಮಾನಿನಂತೆ ನಿಲ್ಲುತ್ತವೆ, ನಡುವಿನದನ್ನು ಹಿಡಿಯುವುದೇ ಇಲ್ಲ.

ಈಗ ಒಂದು ಕಾಗದದ ಮೇಲೆ ಓರೆ ಗೆರೆ ಎಳೆದು ಕಾಗದವನ್ನು ಕೊಳವೆಯಂತೆ ಸುತ್ತಿ. ಗೆರೆ ಹುರಿಯಾಗುತ್ತದೆ. ಬಿಚ್ಚಿದರೆ ಮತ್ತೆ ನೇರ ಗೆರೆ. ಹಗ್ಗದ ಗಣಿತದ ಬೀಗ ತೆರೆಯುವುದು ಇಲ್ಲೇ. ತಂತಿ ಒಂದು ಸುತ್ತು ಮುಗಿಸುವಷ್ಟು ದೂರವನ್ನು ಬಿಚ್ಚಿ ಹರಡಿದರೆ ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. ನಿಂತಿರುವ ಬದಿ ಎಳೆಯ ಉದ್ದ. ಮಲಗಿರುವ ಬದಿ ಒಂದು ಸುತ್ತಳತೆ. ಓರೆ ಬದಿ ತಂತಿಯ ನಿಜವಾದ ಉದ್ದ. ನಿಂತ ಬದಿಗೂ ಓರೆ ಬದಿಗೂ ನಡುವಿನ ಕೋನವೇ ಹುರಿಯ ಕೋನ.

ಎಳೆಯನ್ನು ಸ್ವಲ್ಪ ಎಳೆದು ಹಿಗ್ಗಿಸಿ. ನಿಂತ ಬದಿ ಬೆಳೆಯುತ್ತದೆ. ಓರೆ ಬದಿಯೂ ಬೆಳೆಯುತ್ತದೆ, ಆದರೆ ಅಷ್ಟು ಬೆಳೆಯುವುದಿಲ್ಲ, ಕೋನದ ಕೊಸೈನ್‌ನಷ್ಟು ಮಾತ್ರ. ಜೊತೆಗೆ ಓರೆ ಬದಿ ಮೊದಲೇ ಉದ್ದ, ಆದ್ದರಿಂದ ಅದರ ಪ್ರಮಾಣದಲ್ಲಿ ಹಿಗ್ಗು ಇನ್ನೊಂದು ಕೊಸೈನ್‌ನಷ್ಟು ಕಡಿಮೆ. ಎರಡು ಕೊಸೈನ್ ಆದವು. ಹಿಗ್ಗಿದ ತಂತಿ ತನ್ನ ಓರೆ ದಿಕ್ಕಿಗೆ ಜಗ್ಗುತ್ತದೆ, ಭಾರ ಮಾತ್ರ ನೆಟ್ಟಗೆ ನೇತಾಡುತ್ತಿರುತ್ತದೆ. ಆ ಜಗ್ಗಾಟದ ನೆಟ್ಟಗಿನ ಪಾಲು ಮತ್ತೊಂದು ಕೊಸೈನ್. ಒಟ್ಟು ಮೂರು. ಅಂದರೆ ಹುರಿಗೊಂಡ ಒಂದು ತಂತಿ ಹಗ್ಗದ ಬಿಗಿತಕ್ಕೆ (ಹಿಗ್ಗದಂತೆ ತಡೆಯುವ ಗುಣಕ್ಕೆ) ಕೊಡುವ ಕಾಣಿಕೆ, ಅದೇ ತಂತಿ ನೆಟ್ಟಗಿದ್ದರೆ ಕೊಡುತ್ತಿದ್ದುದರ ಕೊಸೈನ್ ಘನದಷ್ಟು. 15 ಡಿಗ್ರಿ ಕೋನಕ್ಕೆ ಇದು ಸುಮಾರು 0.90, 20 ಡಿಗ್ರಿಗೆ 0.83.

ಇದನ್ನು ನಿಜವಾದ ವಸ್ತುವಿನ ಮೇಲೆ ಪರೀಕ್ಷಿಸಿ ನೋಡೋಣ. ಫ್ಲೈಓವರ್, ಸೇತುವೆಗಳ ಕಾಂಕ್ರೀಟ್ ತೊಲೆಯೊಳಗೆ ಬಿಗಿದು ಎಳೆದು ಹಾಕುವ ಏಳು ತಂತಿಯ ಎಳೆ ಇರುತ್ತದಲ್ಲ, ಅದರ ಸಾಮಾನ್ಯ ಅಳತೆ 12.7 ಮಿಲಿಮೀಟರ್. ಬೆರಳಿನಷ್ಟೂ ದಪ್ಪ ಇಲ್ಲದ ಅದು ಸುಮಾರು 18 ಟನ್ ತಡೆಯುತ್ತದೆ. ಅದರ ಹೊರಗಿನ ತಂತಿ ಎಳೆಯ ದಪ್ಪದ 12ರಿಂದ 16 ಪಟ್ಟು ಉದ್ದದಲ್ಲಿ ಒಂದು ಸುತ್ತು ಹಾಕುತ್ತದೆ. 14 ಪಟ್ಟು ಎಂದು ಹಿಡಿದರೆ ಕೋನ ಎಂಟೂವರೆ ಡಿಗ್ರಿ ಬರುತ್ತದೆ, ಕೊಸೈನ್ ಘನ 0.967. ನಡುವಿನ ಒಂದು ತಂತಿ ಪೂರ್ತಿ, ಉಳಿದ ಆರು 0.967ರಂತೆ ಕೂಡಿಸಿ ಏಳರಿಂದ ಭಾಗಿಸಿದರೆ 0.972. ತಂತಿಯ ಉಕ್ಕಿನ ಬಿಗಿತವನ್ನು 200 ಗಿಗಾಪ್ಯಾಸ್ಕಲ್ (ಬಿಗಿತ ಅಳೆಯುವ ಮಾನ) ಎಂದು ಇಟ್ಟುಕೊಂಡರೆ ಎಳೆಯದು 194. ಸೇತುವೆ ಎಂಜಿನಿಯರುಗಳು ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವುದು 195. ಒಂದು ಕಾಗದ ಸುತ್ತಿ ಬಿಚ್ಚಿ ಇಷ್ಟು ಹತ್ತಿರ ಬಂದೆವಲ್ಲ ಅಂತ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

1950ರ ದಶಕದ ಶುರುವಿನಲ್ಲಿ ಹ್ರುಸ್ಕಾ ಎಂಬವರು ಮಾಡಿದ ಮಾದರಿ ಹೆಚ್ಚುಕಡಿಮೆ ಇಷ್ಟೇ. ತಂತಿ ಎಳೆತ ಮಾತ್ರ ಹೊರುತ್ತದೆ, ಬಾಗುವುದಕ್ಕಾಗಲಿ ತಿರುಚುವುದಕ್ಕಾಗಲಿ ಅದರ ಪ್ರತಿರೋಧ ಲೆಕ್ಕಕ್ಕಿಲ್ಲ. 1970ರ ದಶಕದಿಂದ ಅಮೆರಿಕದ ಕಾಸ್ಟೆಲ್ಲೊ ಮತ್ತು ಜೊತೆಗಾರರು ಪ್ರತಿ ತಂತಿಯನ್ನೂ ಬಾಗುವ, ತಿರುಚಿಕೊಳ್ಳುವ ತೆಳ್ಳಗಿನ ಸರಳಾಗಿ ನೋಡಿದರು. ಅದಕ್ಕೆ ಬೇಕಾದ ಸಮೀಕರಣಗಳನ್ನು ಬ್ರಿಟನ್ನಿನ ಗಣಿತಜ್ಞ ಲವ್ ಬಹಳ ಹಿಂದೆಯೇ ಬರೆದಿಟ್ಟಿದ್ದರು. ಎಳೆದಾಗ ತಂತಿ ಸಣಕಲಾಗುತ್ತದೆ, ಹುರಿಯ ಸುತ್ತಳತೆ ಸ್ವಲ್ಪ ಕುಗ್ಗುತ್ತದೆ ಅನ್ನುವುದೂ ಈ ಲೆಕ್ಕದಲ್ಲಿ ಸೇರಿತು.

ಗಿರಗಿರ ತಿರುಗುವ ಮೋಟಾರು

ಬೋರ್‌ವೆಲ್‌ನಿಂದ ಮೋಟಾರು ಎತ್ತುವಾಗ ನೋಡಿದ್ದೀರಾ? ಕೇಸಿಂಗ್ ದಾಟಿ ಮೇಲೆ ಬಂದ ಕೂಡಲೇ ಹಗ್ಗಕ್ಕೆ ನೇತಾಡುತ್ತ ತನ್ನಷ್ಟಕ್ಕೆ ತಿರುಗಲು ಶುರು ಮಾಡುತ್ತದೆ. ಯಾರೂ ತಿರುಗಿಸಿರುವುದಿಲ್ಲ. ಕಾರಣ ಅದೇ ತ್ರಿಭುಜ. ಓರೆ ತಂತಿಯ ಜಗ್ಗಾಟದಲ್ಲಿ ಒಂದು ಪಾಲು ನೆಟ್ಟಗೆ, ಇನ್ನೊಂದು ಪಾಲು ಅಡ್ಡಕ್ಕೆ. ಆರೂ ತಂತಿಗಳ ಅಡ್ಡ ಪಾಲು ಒಂದೇ ಸುತ್ತಿಗೆ ತಳ್ಳುತ್ತವೆ. ಹಗ್ಗ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ.

ಹೀಗಾಗಿ ಹಗ್ಗಕ್ಕೆ ಒಂದು ಸಮೀಕರಣ ಸಾಲದು, ಎರಡು ಬೇಕು. ಒಂದು ಎಳೆತಕ್ಕೆ, ಇನ್ನೊಂದು ತಿರುಚುವ ಬಲಕ್ಕೆ. ಎರಡರಲ್ಲೂ ಹಿಗ್ಗು ಮತ್ತು ತಿರುಗುವಿಕೆ ಎರಡೂ ಬರುತ್ತವೆ. ಸಾಮಾನ್ಯ ಸರಳಿನಲ್ಲಿ ಎಳೆದರೆ ಹಿಗ್ಗುತ್ತದೆ, ತಿರುಚಿದರೆ ತಿರುಗುತ್ತದೆ, ಒಂದರ ಉಸಾಬರಿ ಇನ್ನೊಂದಕ್ಕಿಲ್ಲ. ಹಗ್ಗದಲ್ಲಿ ಎರಡೂ ಗಂಟು ಹಾಕಿಕೊಂಡಿವೆ. ತುದಿ ತಿರುಗದಂತೆ ಹಿಡಿದರೆ ಹಗ್ಗ ಬಿಗಿ. ತಿರುಗಲು ಬಿಟ್ಟರೆ ಅದೇ ಹಗ್ಗ ಸಡಿಲ, ಅದೇ ಭಾರಕ್ಕೆ ಜಾಸ್ತಿ ಹಿಗ್ಗುತ್ತದೆ. ಹೊರಗಿನ ತಂತಿಗಳ ಪಾಲಿನ ಭಾರವೂ ನಡುವಿನ ತಂತಿಯ ಮೇಲೆ ಬೀಳುತ್ತದೆ. ಕ್ರೇನಿನ ಹಗ್ಗಗಳಲ್ಲಿ ಒಳಪದರಕ್ಕೆ ಒಂದು ದಿಕ್ಕು, ಹೊರಪದರಕ್ಕೆ ಎದುರು ದಿಕ್ಕು ಕೊಡುವುದು ಈ ಎರಡನೇ ಸಮೀಕರಣವನ್ನು ಸೊನ್ನೆಗೆ ತರಲಿಕ್ಕೆ. ಅಜ್ಜನ ಎದುರು ಹುರಿಯ ಉಪಾಯವೇ ಇದು.

ಶಾಫ್ಟಿನ ಹಗ್ಗಕ್ಕೆ ಬರೋಣ. ಆರು ಎಳೆಯ ಹಗ್ಗದಲ್ಲಿ ತಂತಿ ಎಳೆಯೊಳಗೆ ಹುರಿ, ಎಳೆ ಮತ್ತೆ ಹಗ್ಗದೊಳಗೆ ಹುರಿ. ನಡುವಿನ ತಿರುಳು ಒತ್ತಡಕ್ಕೆ ಕುಗ್ಗುತ್ತದೆ ಬೇರೆ. ಹಾಗಾಗಿ ಇಂಥ ಹಗ್ಗದ ಬಿಗಿತ ಉಕ್ಕಿನ ಅರ್ಧದಷ್ಟಕ್ಕೆ, ಸುಮಾರು 100 ಗಿಗಾಪ್ಯಾಸ್ಕಲ್ ಆಸುಪಾಸಿಗೆ, ಇಳಿಯುತ್ತದೆ. 700 ಮೀಟರ್ ಉದ್ದದ, 400 ಚದರ ಮಿಲಿಮೀಟರ್ ಲೋಹ ಇರುವ ಹಗ್ಗ ಎಂದುಕೊಳ್ಳಿ. ತಳದಲ್ಲಿ ನಿಂತ ತೊಟ್ಟಿಗೆ 5 ಟನ್ ಅದಿರು ತುಂಬಿದರೆ ಹಗ್ಗ ಸುಮಾರು 85 ಸೆಂಟಿಮೀಟರ್ ಹಿಗ್ಗುತ್ತದೆ! ಹಗ್ಗದ ಸ್ವಂತ ತೂಕವೇ ಎರಡೂವರೆ ಟನ್ ಆಗುತ್ತದೆ, ಅದರಿಂದ ಇನ್ನೂ 20 ಸೆಂಟಿಮೀಟರ್. ವೈಂಡರ್, ಅಂದರೆ ಹಗ್ಗ ಸುತ್ತಿ ಕೇಜ್ ಎತ್ತಿಳಿಸುವ ಯಂತ್ರ, ನಡೆಸುವವರು ಈ ಹಿಗ್ಗನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಕೇಜ್ ನಿಲ್ಲಿಸಬೇಕು. ಹೊಸ ಹಗ್ಗವಾದರೆ ತಂತಿಗಳು ತಮ್ಮ ತಮ್ಮ ಜಾಗದಲ್ಲಿ ಕೂರುವವರೆಗೆ ಇದರ ಮೇಲೆ ಇನ್ನಷ್ಟು ಹಿಗ್ಗುತ್ತದೆ, ಅದು ಮರಳಿ ಬರುವುದಿಲ್ಲ.

ಏಳೋ, ಐವತ್ತೈದೋ?

ಇಲ್ಲಿಯವರೆಗೆ ಎಲ್ಲ ಸಲೀಸು. ಹಗ್ಗ ಬಾಗಿದ ಕೂಡಲೇ ಲೆಕ್ಕ ಕಠಿಣವಾಗುತ್ತದೆ.

ಮತ್ತೆ ಏಳು ತಂತಿಯ ಎಳೆ ತೆಗೆದುಕೊಳ್ಳಿ. ಒಂದು ತಂತಿ ಬಾಗಲು ಕೊಡುವ ಪ್ರತಿರೋಧವನ್ನು 1 ಎನ್ನೋಣ. ತಂತಿಗಳ ನಡುವೆ ಎಣ್ಣೆ ಸವರಿದಂತೆ ಎಲ್ಲವೂ ಸಲೀಸಾಗಿ ಜಾರಿದರೆ ಏಳೂ ತಮ್ಮಷ್ಟಕ್ಕೆ ಬಾಗುತ್ತವೆ. ಒಟ್ಟು ಪ್ರತಿರೋಧ 7. ಅದೇ ಏಳನ್ನೂ ವೆಲ್ಡ್ ಮಾಡಿದಂತೆ ಗಟ್ಟಿಯಾಗಿ ಅಂಟಿಸಿದರೆ? ಆಗ ಹೊರಗಿನ ತಂತಿಗಳು ನಡುವಿನಿಂದ ದೂರ ಇರುವುದರಿಂದ ಪೂರ್ತಿ ಹಿಗ್ಗಿ ಕುಗ್ಗಲೇಬೇಕು. ಲೆಕ್ಕ ಹಾಕಿದರೆ 48 ಸೇರಿಕೊಳ್ಳುತ್ತದೆ, ಒಟ್ಟು 55. ಅದೇ ತಂತಿ, ಅದೇ ಉಕ್ಕು, ಆದರೂ ಹೆಚ್ಚುಕಡಿಮೆ ಎಂಟು ಪಟ್ಟು ವ್ಯತ್ಯಾಸ.

ನಿಜವಾದ ಹಗ್ಗ ಈ ಎರಡರ ನಡುವೆ ಇರುತ್ತದೆ, ಒಂದೇ ಕಡೆ ನಿಲ್ಲುವುದೂ ಇಲ್ಲ. ಸ್ವಲ್ಪವೇ ಬಾಗಿಸಿದರೆ ಘರ್ಷಣೆ ತಂತಿಗಳನ್ನು ಹಿಡಿದಿರುತ್ತದೆ, ಹಗ್ಗ 55ರ ಹತ್ತಿರ. ಇನ್ನೂ ಬಾಗಿಸಿದರೆ ಹೊರಪದರದ ತಂತಿಗಳು ಮೊದಲು ಜಾರುತ್ತವೆ, ಆಮೇಲೆ ಒಳಗಿನವು. ಹಗ್ಗ ನಿಧಾನಕ್ಕೆ 7ರ ಕಡೆ ಇಳಿಯುತ್ತದೆ. ಎಳೆತ ಹೆಚ್ಚಿದ್ದರೆ ತಂತಿಗಳು ಒಂದನ್ನೊಂದು ಜಾಸ್ತಿ ಅಪ್ಪಿರುತ್ತವೆ, ಜಾರಾಟ ತಡವಾಗುತ್ತದೆ. ಹಾಗಾಗಿ “ಈ ಹಗ್ಗದ ಬಾಗುವ ಬಿಗಿತ ಎಷ್ಟು?” ಅಂತ ಕೇಳಿದರೆ ಒಂದೇ ಅಂಕಿ ಹೇಳಲು ಬರುವುದಿಲ್ಲ. ಎಷ್ಟು ಎಳೆದಿದ್ದೀರಿ, ಎಷ್ಟು ಬಾಗಿಸಿದ್ದೀರಿ, ಇದಕ್ಕೆ ಮುಂಚೆ ಯಾವ ಕಡೆ ಬಾಗಿಸಿದ್ದಿರಿ ಅಂತ ತಿರುಗಿ ಕೇಳಬೇಕಾಗುತ್ತದೆ.

ಘರ್ಷಣೆಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ? ಹೋರಿ ಕಟ್ಟುವಾಗ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಸಾಕು, ಎಂಥ ಹೋರಿಯೂ ನಿಲ್ಲುತ್ತದೆ. ಇದರ ಸೂತ್ರ ಗಣಿತಜ್ಞ ಆಯ್ಲರ್‌ನ ಕಾಲದಿಂದ ಗೊತ್ತಿದೆ. ಘರ್ಷಣೆಯ ಗುಣಾಂಕ (ಎರಡು ಮೈ ಎಷ್ಟು ಹಿಡಿದುಕೊಳ್ಳುತ್ತವೆ ಎನ್ನುವ ಅಂಕಿ) 0.3 ಇದ್ದರೆ ಒಂದು ಸುತ್ತಿಗೆ ನಿಮ್ಮ ಬಲ ಆರೂವರೆ ಪಟ್ಟು ಆಗುತ್ತದೆ. ಎರಡು ಸುತ್ತಿಗೆ 43 ಪಟ್ಟು. ಮೂರು ಸುತ್ತಿಗೆ 286. ಹಗ್ಗದೊಳಗಿನ ಪ್ರತಿ ತಂತಿಯೂ ನಡುವಿನ ತಂತಿ ಎಂಬ ಕಂಬಕ್ಕೆ ಸುತ್ತಿಕೊಂಡ ಹಗ್ಗವೇ. ಅದರ ಸುತ್ತು ಮಾತ್ರ ಉದ್ದವಾಗಿ, ಓರೆಯಾಗಿ ಇರುತ್ತದೆ.

ರೈತರ ಪ್ರಶ್ನೆಗೆ ಬೇಕಾಗಿದ್ದ ಇನ್ನರ್ಧ ಇಲ್ಲಿದೆ. ಹಗ್ಗದ ಒಂದು ತಂತಿ ಹರಿಯಿತು ಅಂದುಕೊಳ್ಳಿ. ಹರಿದ ಜಾಗದಲ್ಲಿ ಅದು ಹೊರುವ ಭಾರ ಸೊನ್ನೆ. ಆದರೆ ಅಲ್ಲಿಂದ ಕೆಲವು ಸುತ್ತು ದೂರ ಹೋದರೆ ಅಕ್ಕಪಕ್ಕದ ತಂತಿಗಳು ಒತ್ತಿ ಹಿಡಿದು ಅದನ್ನು ಮತ್ತೆ ಎಳೆತಕ್ಕೆ ತಂದಿರುತ್ತವೆ. ಅಲ್ಲಿ ಅದು ಹರಿದೇ ಇಲ್ಲವೇನೋ ಅನ್ನುವಂತೆ ತನ್ನ ಪಾಲು ಹೊರುತ್ತದೆ. ಇನ್ನೊಂದು ತಂತಿ ನೂರು ಮೀಟರ್ ಆಚೆ ಹರಿದರೆ ಈ ಎರಡು ಗಾಯಕ್ಕೂ ಸಂಬಂಧವೇ ಇಲ್ಲ. ಆದ್ದರಿಂದಲೇ ಹಗ್ಗ ನೋಡುವವರು ಇಡೀ ಉದ್ದದಲ್ಲಿ ಒಟ್ಟು ಎಷ್ಟು ತಂತಿ ಹರಿದಿವೆ ಅಂತ ಎಣಿಸಿ ಸುಮ್ಮನಾಗುವುದಿಲ್ಲ, ಒಂದು ಹುರಿಯ ಉದ್ದದೊಳಗೆ (ಎಳೆ ಒಂದು ಸುತ್ತು ಮುಗಿಸುವಷ್ಟು ದೂರದೊಳಗೆ) ಎಷ್ಟು ಹರಿದಿವೆ ಅಂತ ಎಣಿಸುತ್ತಾರೆ.

ಜಾರಾಟದ ಇನ್ನೊಂದು ಗುಣ ಶಕ್ತಿ ಹೀರುವುದು. ಶಕ್ತಿನಗರದ ಆರ್‌ಟಿಪಿಎಸ್ ವಿದ್ಯುತ್ ಕೇಂದ್ರದಿಂದ ಹೊರಟ ಹೈಟೆನ್ಷನ್ ಲೈನುಗಳನ್ನು ನೋಡಿ. ಅವೂ ಹುರಿಗೊಂಡ ತಂತಿಗಳೇ, ನಡುವೆ ಉಕ್ಕು, ಸುತ್ತ ಅಲ್ಯೂಮಿನಿಯಂ. ಮೆಲ್ಲಗೆ ಬೀಸುವ ಗಾಳಿಗೆ ಸಣ್ಣಗೆ ನಡುಗುತ್ತಿರುತ್ತವೆ. ತಂತಿ ತಂತಿಗೆ ತಿಕ್ಕಿ ಆ ನಡುಕ ಬಿಸಿಯಾಗಿ ಕರಗುತ್ತದೆ. ಅದು ಸಾಲದ ಕಡೆ ಟವರಿನ ಹತ್ತಿರ ಡಂಬೆಲ್ ಥರದ ತೂಕ ನೇತು ಹಾಕಿರುತ್ತಾರೆ. ಅದರ ಹೆಸರು ಸ್ಟಾಕ್‌ಬ್ರಿಡ್ಜ್ ಡ್ಯಾಂಪರ್. ಹಗ್ಗದ ಮಾದರಿ ಬರೆಯುವವರಿಗೆ ಈ ನಡುಕ ತಲೆನೋವಿನ ವಿಷಯ. ಎಲ್ಲಿ ಹಿಡಿತ ಮುಗಿದು ಜಾರಾಟ ಶುರುವಾಗುತ್ತದೋ ಅಲ್ಲೇ, ಟವರಿನ ಕ್ಲ್ಯಾಂಪಿನ ಪಕ್ಕದಲ್ಲೇ, ತಂತಿಗಳು ದಣಿದು ಒಡೆಯುತ್ತವೆ.

ಗಾಲಿಯ ಮೇಲೂ ಅಷ್ಟೆ. ತಂತಿಯ ದಪ್ಪವನ್ನು ಗಾಲಿಯ ವ್ಯಾಸದಿಂದ ಭಾಗಿಸಿ ಉಕ್ಕಿನ ಬಿಗಿತದಿಂದ ಗುಣಿಸಿದರೆ ಬಾಗುವಾಗ ಆಗುವ ಒತ್ತಡ ಸಿಗುತ್ತದೆ. 2 ಮಿಲಿಮೀಟರ್ ತಂತಿ 2 ಮೀಟರ್ ಗಾಲಿಯ ಮೇಲೆ ಹೋದರೆ 200 ಮೆಗಾಪ್ಯಾಸ್ಕಲ್. ಅರ್ಧ ಮೀಟರ್ ಗಾಲಿಯಾದರೆ 800. ಗಣಿಯ ಬಾವಿಯ ಮೇಲಿನ ಗಾಲಿಗಳು ಆಳೆತ್ತರಕ್ಕಿಂತ ದೊಡ್ಡದಾಗಿ ಕಾಣುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಈಗಿನ ಕಂಪ್ಯೂಟರುಗಳಲ್ಲಿ ಪ್ರತಿ ತಂತಿಯನ್ನೂ ಸಾವಿರಾರು ಸಣ್ಣ ತುಂಡುಗಳಾಗಿ ಮಾಡಿ, ಎಲ್ಲೆಲ್ಲಿ ತಾಗುತ್ತವೆ, ಎಲ್ಲಿ ಜಾರುತ್ತವೆ ಅಂತ ಒಂದೊಂದನ್ನೂ ಲೆಕ್ಕ ಹಾಕಬಹುದು. ಹುರಿ ಒಂದೇ ಥರ ಮರುಕಳಿಸುವುದರಿಂದ ಒಂದು ಸಣ್ಣ ತುಂಡನ್ನು ಬಿಡಿಸಿ ಇಡೀ ಹಗ್ಗದ ಬಗ್ಗೆ ಹೇಳುವ ಉಪಾಯವೂ ಇದೆ. ಆದರೂ ಒಳಗೆ ಒಂದು ಅಂಕಿಯನ್ನು ನಾವೇ ಕೊಡಬೇಕು: ಘರ್ಷಣೆಯ ಗುಣಾಂಕ. ಗ್ರೀಸು ಹೊಸದಿದ್ದಾಗ ಒಂದು, ಒಣಗಿದಾಗ ಒಂದು, ಅದಿರಿನ ದೂಳು ಸೇರಿದಾಗ ಇನ್ನೊಂದು, ತುಕ್ಕು ಹಿಡಿದರೆ ಮತ್ತೊಂದು. ನನ್ನ ಪ್ರಕಾರ ಹಗ್ಗದ ಗಣಿತದಲ್ಲಿ ಎಲ್ಲಕ್ಕಿಂತ ಗೌರವ ಕೊಡಬೇಕಾದ ಅಂಕಿ ಇದು. ಉಳಿದ ಸಮೀಕರಣ ಎಷ್ಟೇ ಚೊಕ್ಕಟವಾಗಿದ್ದರೂ ಇದು ತಪ್ಪಿದರೆ ಉತ್ತರ ತಪ್ಪುತ್ತದೆ.

ತುಕ್ಕಿನ ಮಾತು ಬಂತು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗು ಸೇತುವೆ ಕುಸಿದು 135 ಜನ ಸತ್ತರು. ಅದರ ಒಂದು ಮುಖ್ಯ ಕೇಬಲ್‌ನಲ್ಲಿ ಏಳು ಎಳೆ, ಎಳೆಗೆ ಏಳು ತಂತಿ, ಒಟ್ಟು 49 ತಂತಿ ಇದ್ದವು. ಅದರಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು ಎಂದು ತನಿಖಾ ತಂಡ ಹೇಳಿತು. ತಂತಿಗಳು ಅಕ್ಕಪಕ್ಕ ನಿಂತು ಭಾರ ಹಂಚಿಕೊಳ್ಳುತ್ತವೆ ನಿಜ, ಆದರೆ ಅರ್ಧ ಜನ ಕೈಬಿಟ್ಟ ಮೇಲೆ ಉಳಿದವರು ಎಷ್ಟು ಹೊತ್ತಾರು?

ಹೀಗಾಗಿ ಗಂಗಾವತಿಯ ಆ ರೈತರಿಗೆ ಈಗ ಇಷ್ಟು ಹೇಳುತ್ತೇನೆ. ಹೌದ್ರಿ, ಹಗ್ಗ ಸಾಮಾನ್ಯವಾಗಿ ಸರಪಳಿಯ ಹಾಗೆ ಒಮ್ಮೆಗೇ ಕೈಕೊಡುವುದಿಲ್ಲ. ಒಂದೊಂದೇ ತಂತಿ ಹರಿದು ಮುನ್ಸೂಚನೆ ಕೊಡುತ್ತದೆ. ಹಗ್ಗದಿಂದ ಎತ್ತುವ ಗೇಟುಗಳು ಎಷ್ಟೋ ಡ್ಯಾಮುಗಳಲ್ಲಿ ಇವೆ. ಆದರೆ ಸರಪಳಿಯ ಕೊಂಡಿ ಕಣ್ಣಿಗೆ ಕಾಣುತ್ತದೆ, ಸುತ್ತಿಗೆಯಿಂದ ಬಡಿದು ನೋಡಬಹುದು. ಹಗ್ಗ ಹೊರಗೆ ಹೊಳೆಯುತ್ತಿದ್ದರೂ ತಿರುಳಿನ ಹತ್ತಿರ ತಂತಿ ತಂತಿಗೆ ಉಜ್ಜಿ ಸವೆದಿರಬಹುದು, ನೀರು ಕೂತು ತುಕ್ಕಾಗಿರಬಹುದು. ಅದನ್ನು ತಿಳಿಯಲು ಹಗ್ಗವನ್ನು ದೊಡ್ಡ ಅಯಸ್ಕಾಂತದ ನಡುವೆ ಹಾಯಿಸುತ್ತಾರೆ. ಒಳಗೆ ಉಕ್ಕು ಎಲ್ಲಿ ಕಡಿಮೆಯಾಗಿದೆಯೋ ಅಲ್ಲಿ ಯಂತ್ರದ ಗೆರೆ ಅಲುಗುತ್ತದೆ. ಎಷ್ಟು ಲೋಹ ಹೋಗಿದೆ, ಯಾವ ಜಾಗದಲ್ಲಿ ಹೋಗಿದೆ ಎಂಬ ಆ ಅಳತೆಯನ್ನು ತಂದು ನಮ್ಮ ಸಮೀಕರಣಕ್ಕೆ ಹಾಕಿದಾಗ, ಉಳಿದ ತಂತಿಗಳ ಮೇಲೆ ಈಗ ಎಷ್ಟು ಭಾರ ಬಿದ್ದಿದೆ ಅಂತ ತಿಳಿಯುತ್ತದೆ. ಹಗ್ಗವನ್ನು ಇನ್ನೂ ಓಡಿಸಬೇಕೋ, ಇಳಿಸಿ ಹೊಸದು ಹಾಕಬೇಕೋ ಎಂದು ಆಮೇಲೆ ನಿರ್ಧರಿಸಬಹುದು.